ಏರೇಟರ್ ಎಳೆಯೋಕೆ ಯಾವ ಗಾಡಿ? ನಾನಂತೂ ಮಿನಿ ಟ್ರ್ಯಾಕ್ಟರ್ ಅಂತೀನಿ

ಗಂಗಾವತಿ, ಆನೆಗೊಂದಿ, ಸಾಣಾಪುರ ಸುತ್ತಿನ ಕಲ್ಯಾಣ ಮಂಟಪ, ರೆಸಾರ್ಟುಗಳ ಲಾನ್ ನೋಡಿಕೊಳ್ಳುವುದು ನನ್ನ ಕಸುಬು. ಏರೇಟರ್, ಅಂದರೆ ಬಿಗಿದ ಲಾನಿಗೆ ತೂತು ಹೊಡೆಯುವ ಯಂತ್ರ, ಎಳೆಯಲು ದೊಡ್ಡ ಟ್ರ್ಯಾಕ್ಟರ್, ಜೀಪು, ಪವರ್ ಟಿಲ್ಲರ್ ಎಲ್ಲ ಹೂಡಿ ನೋಡಿ, ಕೊನೆಗೆ ಸೆಕೆಂಡ್ ಹ್ಯಾಂಡ್ ಮಿನಿ ಟ್ರ್ಯಾಕ್ಟರ್ ಕೊಂಡೆ. ಈಗ ಯಾರು ಕೇಳಿದರೂ ಅದನ್ನೇ ಹೇಳುತ್ತೇನೆ.

ಮದುವೆ ಸೀಸನ್ ಮುಗಿಯುವ ಹೊತ್ತಿಗೆ ಮಂಟಪದ ಲಾನ್ ಸಿಮೆಂಟ್ ಆಗಿರುತ್ತದೆ. ಶಾಮಿಯಾನ, ಕುರ್ಚಿ, ಅಡುಗೆ ಸಾಮಾನಿನ ಗಾಡಿ, ಜನ ಎಲ್ಲ ಅದರ ಮೇಲೇ. ಮಸಾರಿ (ಕೆಂಪು) ನೆಲ ಆದರೆ ಸ್ವಲ್ಪ ತಡೆಯುತ್ತದೆ, ಎರಿ (ಕಪ್ಪು) ಮಣ್ಣು ಮಾತ್ರ ತುಳಿದಷ್ಟೂ ಬಿಗಿಯುತ್ತದೆ. ನೀರು ಬಿಟ್ಟರೆ ಮೇಲೇ ನಿಲ್ಲುತ್ತದೆ, ಬೇರಿಗೆ ಗಾಳಿ ಸಿಗುವುದಿಲ್ಲ, ಹುಲ್ಲು ಮಚ್ಚೆ ಮಚ್ಚೆಯಾಗಿ ಹಳದಿ ತಿರುಗುತ್ತದೆ. ಟೊಳ್ಳು ಮೊಳೆಯ ಏರೇಟರ್ ಎರಡು ಮೂರು ಇಂಚು ಆಳಕ್ಕೆ ಇಳಿದು ಬೆರಳು ಗಾತ್ರದ ಮಣ್ಣಿನ ತುಂಡು ಕಿತ್ತು ಮೇಲೆ ಹಾಕುತ್ತದೆ. ಆ ತೂತಿಗೆ ಮರಳು ತುಂಬಿದರೆ ನೀರು, ಗಾಳಿ ಎರಡಕ್ಕೂ ದಾರಿಯಾಗುತ್ತದೆ. ಬರ್ಮುಡಾ ಹುಲ್ಲು ಜೋರಾಗಿ ಹಬ್ಬುವ ಜೂನ್-ಜುಲೈ ಈ ಕೆಲಸಕ್ಕೆ ಒಳ್ಳೆಯ ಕಾಲ. ನೆಲ ಹದವಾಗಿರಬೇಕು. ಒಣಗಿದ್ದರೆ ಮೊಳೆ ಇಳಿಯುವುದಿಲ್ಲ, ಹಸಿ ಹೆಚ್ಚಾದರೆ ಟೊಳ್ಳಿನೊಳಗೆ ಎರಿ ಮಣ್ಣು ಮೆತ್ತಿಕೊಂಡು ಕಡ್ಡಿಯಿಂದ ಒಂದೊಂದೇ ಕೆರೆದು ತೆಗೆಯಬೇಕಾಗುತ್ತದೆ.

ನನ್ನ ಏರೇಟರ್ ನಾಲ್ಕು ಅಡಿ ಅಗಲದ್ದು. ಮೇಲೆ ಟ್ರೇ ಇದೆ, ಅದರಲ್ಲಿ ಸಿಮೆಂಟ್ ಬ್ಲಾಕ್ ಇಡುತ್ತೇನೆ. ಆ ಭಾರದಿಂದಲೇ ಮೊಳೆ ನೆಲಕ್ಕೆ ಇಳಿಯುವುದು.

ಮೊದಲು ದೊಡ್ಡ ಟ್ರ್ಯಾಕ್ಟರ್. ಭತ್ತದ ನಾಡಲ್ಲವೇ, 45 ಎಚ್‌ಪಿ ಗಾಡಿ ಓಣಿಗೊಂದು ಬಾಡಿಗೆಗೆ ಸಿಗುತ್ತದೆ. ಶಕ್ತಿಗೆ ಕೊರತೆ ಇಲ್ಲ. ಆದರೆ ಸುಮಾರು ಎರಡು ಟನ್ ತೂಕದ ಗಾಡಿ ಹದ ನೆಲದ ಮೇಲೆ ಓಡಿದರೆ ಹಿಂದೆ ಏರೇಟರ್ ಬಿಡಿಸುವ ಮಣ್ಣನ್ನು ಮುಂದೆ ಗಾಲಿ ಅದುಮುತ್ತಲೇ ಇರುತ್ತದೆ. ಟೈರಿನ ಕಟ್ಟೆ ಗುರುತು ದೀಪಾವಳಿವರೆಗೂ ಹೋಗುವುದಿಲ್ಲ. ಲಾನಿಗೆ ಅದು ಬೇಡವೇ ಬೇಡ.

ಜೀಪು, ಪಿಕಪ್ ಮನೆಯಲ್ಲಿ ಇದ್ದವರಿಗೆ ಮೊದಲು ನೆನಪಾಗುವುದು ಅದೇ. ರೋಡ್ ಟೈರ್ ನುಣುಪು, ಹುಲ್ಲಿಗೆ ಪೆಟ್ಟು ಕಡಿಮೆ. ಕಷ್ಟ ಇರುವುದು ವೇಗದಲ್ಲಿ. ಏರೇಟರ್ ಆರಾಮಾಗಿ ನಡೆಯುವ ಮನುಷ್ಯನ ವೇಗ ಕೇಳುತ್ತದೆ. ಲೋ ರೇಂಜ್ (ತೀರಾ ನಿಧಾನದ ಗೇರು) ಇಲ್ಲದ ಗಾಡಿಯನ್ನು ಭಾರ ಕಟ್ಟಿಕೊಂಡು ಆ ವೇಗದಲ್ಲಿ ಓಡಿಸಬೇಕೆಂದರೆ ಹಾಫ್ ಕ್ಲಚ್ಚೇ ಗತಿ. ಅರ್ಧ ಲಾನ್ ಮುಗಿಯುವಷ್ಟರಲ್ಲಿ ಕ್ಲಚ್ ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ. ಹಿಂದಿನ ಹುಕ್ಕೂ ಎತ್ತರ. ಕಟ್ಟಿದ ಕೂಡಲೇ ಏರೇಟರ್ ಹಿಂದಕ್ಕೆ ವಾಲಿ ಟ್ರೇಯಲ್ಲಿನ ಬ್ಲಾಕ್ ಜಾರುತ್ತವೆ.

ಇದಕ್ಕಿಂತ ದೊಡ್ಡ ತಲೆನೋವು ತಿರುವು. ಇದನ್ನು ಕೊಳ್ಳುವ ಮುಂಚೆ ಯಾರೂ ಹೇಳುವುದಿಲ್ಲ, ಅದಕ್ಕೇ ಇಲ್ಲಿ ವಿವರವಾಗಿ ಬರೆಯುತ್ತೇನೆ.

ಎಳೆಯುವ ಏರೇಟರ್ ನೇರ ಸಾಲಿನಲ್ಲಿ ಚಂದ ಓಡುತ್ತದೆ. ಸಾಲಿನ ಕೊನೆಗೆ ಬಂದು ತಿರುಗಿಸುವಾಗ ಹೊರಗಡೆಯ ಮೊಳೆಗಳು ದೂರ ಓಡಬೇಕು, ಒಳಗಡೆಯವು ನಿಂತಲ್ಲೇ ಇರಬೇಕು. ಎಲ್ಲ ಒಂದೇ ಶಾಫ್ಟಿಗೆ ಕೂಡಿಸಿದ್ದರಿಂದ ಅದು ಆಗುವುದಿಲ್ಲ. ಮಣ್ಣಿನೊಳಗಿದ್ದ ಮೊಳೆ ಅಡ್ಡಡ್ಡ ಸರಿದು ಹುಲ್ಲನ್ನು ಬೇರುಸಹಿತ ಎಬ್ಬಿಸಿಬಿಡುತ್ತದೆ. ಎದ್ದ ಹೆಪ್ಪಳಿಕೆಯನ್ನು ಕೈಯಲ್ಲಿ ಹಿಡಿದರೆ ಕೆಳಗೆ ಬಿಳಿ ಬೇರು ಜೋತಾಡುತ್ತಿರುತ್ತವೆ. ಒಂದು ಮಂಟಪದ ಮಾಲೀಕರು ಸ್ಟೇಜಿನ ಮುಂದಿನ ತಿರುವು ನೋಡಿ, "ಇದೇನ್ರಿ ಅಣ್ಣಾರ, ಹಂದಿ ಕೆದರಿದಂಗ ಮಾಡೀರಲ್ಲ" ಅಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ.

ಹಾಗಾಗಬಾರದೆಂದರೆ ಪ್ರತಿ ತಿರುವಿಗೂ ಇಳಿದು, ಲಿವರ್ ಎಳೆದು, ಏರೇಟರನ್ನು ಅದರ ಪುಟ್ಟ ಗಾಲಿಯ ಮೇಲೆ ನಿಲ್ಲಿಸಿ, ತಿರುಗಿಸಿ, ಮತ್ತೆ ಇಳಿದು ಮೊಳೆಯನ್ನು ನೆಲಕ್ಕೆ ಬಿಡಬೇಕು. ಬ್ಲಾಕ್ ಹೇರಿದ ಲಿವರ್ ಒಬ್ಬರ ಕೈಗೆ ಬಗ್ಗುವುದಿಲ್ಲ. ಲಾನ್ ಮಧ್ಯೆ ಕಾರಂಜಿ, ಹೂವಿನ ಪಾತಿ ಇದ್ದರೆ ಸಾಲಿಗಿಂತ ತಿರುವೇ ಹೆಚ್ಚು. ಗಂಟೆ ಲೆಕ್ಕದ ಬಾಡಿಗೆ ಡ್ರೈವರ್ ಇಷ್ಟು ಸಲ ಇಳಿದು ಹತ್ತುವುದೂ ಇಲ್ಲ.

ಮಿನಿ ಟ್ರ್ಯಾಕ್ಟರ್ ಗೆಲ್ಲುವುದು ಇಲ್ಲೇ. ಹಿಂದೆ ಕಟ್ಟಿದ್ದನ್ನು ಎತ್ತುವ ಹೈಡ್ರಾಲಿಕ್ ಅದಕ್ಕೆ ಇದೆ. ವೆಲ್ಡಿಂಗ್ ಅಂಗಡಿಯಲ್ಲಿ ಏರೇಟರಿನ ಎಳೆಯುವ ಪೈಪ್ ಕತ್ತರಿಸಿ, ಕೆಳಗೆ ಎರಡು ಪಿನ್, ಮೇಲೆ ಟಾಪ್ ಲಿಂಕಿಗೆ (ಗಾಡಿಯ ಹಿಂದಿನ ಮೇಲ್ಗಡೆಯ ಜೋಡಣೆ ರಾಡಿಗೆ) ಒಂದು ಪಟ್ಟಿ ಕೂಡಿಸಿದೆ. ಮಿನಿ ಗಾಡಿಯ ಕೆಳ ಪಿನ್ 22 ಎಂಎಂ. ದೊಡ್ಡ ಟ್ರ್ಯಾಕ್ಟರಿನದು ಸಾಮಾನ್ಯವಾಗಿ 28, ಅಳತೆ ಹೇಳಿಯೇ ಮಾಡಿಸಿ. ಈಗ ಸಾಲಿನ ಕೊನೆಗೆ ಕೂತಲ್ಲೇ ಲಿವರ್ ಎತ್ತುತ್ತೇನೆ, ಗಾಡಿ ತಿರುಗಿಸುತ್ತೇನೆ, ಇಳಿಸುತ್ತೇನೆ. ಏರೇಟರ್ ಹಿಂದೆ ಮುಂದೆ ವಾಲಿದರೆ ಟಾಪ್ ಲಿಂಕ್ ಒಂದೆರಡು ಸುತ್ತು ತಿರುಗಿಸಿದರೆ ಮಟ್ಟವಾಗುತ್ತದೆ. ಒಂದು ಮಾತು ನೆನಪಿರಲಿ: ನಮ್ಮ ಟ್ರ್ಯಾಕ್ಟರುಗಳ ಹೈಡ್ರಾಲಿಕ್ ಎತ್ತುತ್ತದೆ ಅಷ್ಟೇ, ಕೆಳಕ್ಕೆ ಒತ್ತುವುದಿಲ್ಲ. ಆದ್ದರಿಂದ ಬ್ಲಾಕ್ ತೆಗೆಯಬೇಡಿ. ಕೆಲಸ ಮಾಡುವಾಗ ಲಿವರ್ ಪೂರ್ತಿ ಇಳಿಸಿಬಿಡಿ, ಭಾರವೆಲ್ಲ ಮೊಳೆಗೇ ಬೀಳಲಿ.

ಎಚ್‌ಪಿ ಹಿಂದೆ ಬೀಳಬೇಡಿ. ಮಹೀಂದ್ರಾ ಯುವರಾಜ್ 215 ಥರದ 15 ಎಚ್‌ಪಿ ಗಾಡಿ ಸಾಕು. ಇಂಥ ಗಾಡಿ ತೂಕ ಒಂದು ಟನ್ನಿಗೂ ಕಡಿಮೆ. ಬರುವುದು ಹೊಲದ ಟೈರಿನಲ್ಲೇ, ಲಾನ್ ಟೈರ್ ನಮ್ಮ ಕಡೆ ಅಂಗಡಿಯಲ್ಲಿ ಇಡುವುದಿಲ್ಲ. ಹದ ನೋಡಿ ಇಳಿಸಿದರೆ ಅದರ ಗುರುತು ಒಂದೆರಡು ಸಲ ಹುಲ್ಲು ಕತ್ತರಿಸುವಷ್ಟರಲ್ಲಿ ಮಾಯ.

ಪವರ್ ಟಿಲ್ಲರ್ ಇಕ್ಕಟ್ಟಿನ ಜಾಗಕ್ಕೆ ಚೆನ್ನ, ಆದರೆ ಸಂಜೆಗೆ ತೋಳು ಬಿದ್ದುಹೋಗುತ್ತವೆ. ಎತ್ತಿನ ನಡಿಗೆ ಏರೇಟರಿಗೆ ಹೇಳಿ ಮಾಡಿಸಿದ ವೇಗ, ಆದರೆ ಹದ ನೆಲದಲ್ಲಿ ಗೊರಸಿನ ಕುಳಿ ಬೀಳುತ್ತವೆ. ಮನೆ ಮುಂದಿನ ಪುಟ್ಟ ಲಾನಿಗೆ ಗಾಡಿಯೇ ಬೇಡ, ಹಾರೆಯಿಂದ ಚುಚ್ಚಿದರೆ ಆಯಿತು.

ನಾನು ಕೊಂಡಿದ್ದು ವರ್ಷವಿಡೀ ಕೆಲಸ ಇದೆ ಅಂತ. ಅದೇ ಗಾಡಿಯಲ್ಲಿ ಮರಳು, ಗೊಬ್ಬರ ಸಾಗಿಸುತ್ತೇನೆ, ಲಾನ್ ಇಲ್ಲದ ದಿನ ನಮ್ಮ ತೋಟದಲ್ಲಿ ಕುಂಟೆ ಹೊಡೆಯುತ್ತೇನೆ. ಒಂದೇ ಮಂಟಪ ಇರುವವರು ಸಾಲ ಮಾಡಿ ಕೊಳ್ಳಬೇಡಿ. ಕುಷ್ಟಗಿ, ಕೊಪ್ಪಳ ಕಡೆ ದಾಳಿಂಬೆ ಬೆಳೆಯುವವರ ಹತ್ತಿರ ಗಿಡಗಳ ಸಾಲಿನ ನಡುವೆ ಓಡಿಸಲು ಮಿನಿ ಟ್ರ್ಯಾಕ್ಟರ್ ಇರುತ್ತವೆ, ಅವರನ್ನು ಬಾಡಿಗೆಗೆ ಕೇಳಿ. ಒಪ್ಪುವ ಮುಂಚೆ ಏರೇಟರನ್ನು ಬ್ಲಾಕ್ ಸಮೇತ ಎತ್ತಿಸಿ, ಎಂಜಿನ್ ಚಾಲೂ ಇಟ್ಟು ಸ್ವಲ್ಪ ಹೊತ್ತು ನೋಡಿ. ತಾನಾಗಿ ಕೆಳಗೆ ಇಳಿಯುತ್ತಿದ್ದರೆ ಆ ಗಾಡಿ ಬೇಡ, ಬೇರೆ ನೋಡಿ.