ಒಣಮಣ್ಣಿನ ಸಿಲಿಯೇಟ್‌ಗಳಿಗೆಂದು ಕೊಂಡ ಸೂಕ್ಷ್ಮದರ್ಶಕ: ಎಂಟು ತಿಂಗಳ ಬಳಕೆಯ ನಂತರ

ಅವೆನ್ಯೂ ರಸ್ತೆಗೆ ಹೊಂದಿಕೊಂಡ ಗಲ್ಲಿಯೊಂದರಲ್ಲಿ ಶಾಲಾ ಪ್ರಯೋಗಾಲಯಗಳಿಗೆ ಸಾಮಾನು ಪೂರೈಸುವ ಅಂಗಡಿಯಿದೆ. ಅಲ್ಲಿಂದ ಕಳೆದ ಬೇಸಿಗೆಯಲ್ಲಿ ₹14,500 ಕೊಟ್ಟು, ಅಂಬಾಲದಲ್ಲಿ ತಯಾರಾದ ಎರಡು ಐಪೀಸ್‌ಗಳ ಸೂಕ್ಷ್ಮದರ್ಶಕವೊಂದನ್ನು ಕೊಂಡೆ. ಅಂಗಡಿಯವರು ಹೊಗಳಿದ್ದೆಲ್ಲ ಒಂದೇ ಗುಣವನ್ನು: 'ಸಾವಿರ ಪಟ್ಟು ದೊಡ್ಡದಾಗಿ ಕಾಣುತ್ತೆ ಸಾರ್.' ನನ್ನ ಕೆಲಸಕ್ಕೆ ಅತ್ಯಂತ ಕಡಿಮೆ ಉಪಯೋಗಕ್ಕೆ ಬಂದದ್ದು ಆ ಸಾವಿರವೇ.

ನನಗೆ ಬೇಕಾಗಿದ್ದದ್ದು ಒಣಮಣ್ಣಿನ ಸಿಲಿಯೇಟ್‌ಗಳನ್ನು, ಅಂದರೆ ಮೈಮೇಲಿನ ಸಣ್ಣ ಲೋಮಾಂಗಗಳನ್ನು ಬೀಸಿ ಈಜುವ ಏಕಕೋಶ ಜೀವಿಗಳನ್ನು, ಗುರುತಿಸುವುದು. ಮಣ್ಣು ಒಣಗಿದಾಗ ಇವು ಸಿಸ್ಟ್ ಎಂಬ ಗಟ್ಟಿ ಕವಚದೊಳಗೆ ಸೇರಿಕೊಂಡು ನೀರಿಗಾಗಿ ಕಾಯುತ್ತವೆ. ಯಲಹಂಕದ ಖಾಲಿ ಸೈಟೊಂದರ ಕೆಮ್ಮಣ್ಣನ್ನು ಒಂದು ತಿಂಗಳು ನೆರಳಿನಲ್ಲಿ ಒಣಗಿಸಿ, ಆಸ್ಟ್ರಿಯಾದ ಸಿಲಿಯೇಟ್ ತಜ್ಞ ವಿಲ್ಹೆಲ್ಮ್ ಫಾಯ್ಸ್‌ನರ್ ಬಳಕೆಗೆ ತಂದ ವಿಧಾನವನ್ನು ಅನುಸರಿಸಿದೆ. ಪೆಟ್ರಿ ತಟ್ಟೆಯಲ್ಲಿ ಹರಡಿದ ಮಣ್ಣಿಗೆ ಬಟ್ಟಿ ಇಳಿಸಿದ ನೀರನ್ನು ಹನಿಸಬೇಕು. ಮಣ್ಣು ಮುಳುಗಬಾರದು, ಬೆರಳಿನಿಂದ ಮೆಲ್ಲನೆ ಒತ್ತಿದರೆ ಅಂಚಿನಲ್ಲಿ ಸ್ವಲ್ಪ ನೀರು ಜಿನುಗಬೇಕು, ಅಷ್ಟೇ. ಆ ಜಿನುಗಿದ ನೀರನ್ನೇ ಸ್ಲೈಡಿಗೆ ಹಾಕಿ, ಸುಮಾರು ನಾಲ್ಕು ವಾರಗಳ ಕಾಲ ಮತ್ತೆ ಮತ್ತೆ ನೋಡಬೇಕು, ಏಕೆಂದರೆ ಎಲ್ಲ ಪ್ರಭೇದಗಳೂ ಒಂದೇ ದಿನ ಹೊರಬರುವುದಿಲ್ಲ.

ಈ ಉಪಕರಣದ 10ರ ಆಬ್ಜೆಕ್ಟಿವ್, ಅಂದರೆ ಸ್ಲೈಡಿನ ಕಡೆಗಿರುವ ಹತ್ತು ಪಟ್ಟಿನ ಮಸೂರ, ನಿಜಕ್ಕೂ ಒಳ್ಳೆಯದು. ಬೆಳಿಗ್ಗೆ ನೆನೆಸಿದ ಮಣ್ಣಿನಲ್ಲಿ ಸಂಜೆಯ ಹೊತ್ತಿಗೇ ಹುರುಳಿಕಾಳಿನ ಆಕಾರದ ಕಾಲ್ಪೊಡಾ ಎಂಬ ಸಿಲಿಯೇಟ್ ಕಾಣಿಸಿಕೊಂಡಿತು. ಒಂದು ರಾತ್ರಿ, ಪಾರದರ್ಶಕ ಸಿಸ್ಟೊಂದರೊಳಗೆ ನಾಲ್ಕು ಮರಿಕೋಶಗಳು ಒಂದನ್ನೊಂದು ತಳ್ಳುತ್ತಾ ಸುತ್ತುತ್ತಿದ್ದದ್ದನ್ನು 40ರ ಆಬ್ಜೆಕ್ಟಿವ್‌ನಲ್ಲಿ ಅರ್ಧ ಗಂಟೆ ನೋಡಿದೆ. ಕಾಲ್ಪೊಡಾ ಸಾಮಾನ್ಯವಾಗಿ ವಿಭಜನೆಗೊಳ್ಳುವುದು ಈಜುವಾಗಲ್ಲ, ಹೀಗೆ ಸಿಸ್ಟಿನೊಳಗೆ. ಕೊಟ್ಟ ದುಡ್ಡಿನಲ್ಲಿ ಅರ್ಧ ಆ ರಾತ್ರಿಯೇ ಮರಳಿತು ಎನ್ನಬಹುದು. ಅಂಗಡಿಯವರು ಹೊಗಳಿದ ಸಾವಿರ ಪಟ್ಟನ್ನು ಕೊಡುವ 100ರ ಆಬ್ಜೆಕ್ಟಿವ್‌ನ ಕಥೆಯೇ ಬೇರೆ. ಅದಕ್ಕೆ ಎಣ್ಣೆ ಹನಿಸಬೇಕು, ಎಣ್ಣೆ ಹನಿಯ ಮೇಲೆ ಮುಚ್ಚಿದ ತೆಳುಗಾಜನ್ನು, ಅಂದರೆ ಕವರ್ ಸ್ಲಿಪ್ಪನ್ನು, ಎಳೆಯುತ್ತದೆ, ಅಷ್ಟರಲ್ಲಿ ಜೀವಿ ನೋಟದಿಂದಲೇ ಓಡಿಹೋಗಿರುತ್ತದೆ. ಕವರ್ ಸ್ಲಿಪ್ಪಿನ ನಾಲ್ಕು ಮೂಲೆಗಳಿಗೆ ವ್ಯಾಸಲೀನ್ ಚುಕ್ಕೆಯಿಟ್ಟು, ಮೆಲ್ಲನೆ ಒತ್ತಿ ಜೀವಿಯನ್ನು ನಿಲ್ಲಿಸಿ, 40ರಲ್ಲೇ ಕೋಶಕೇಂದ್ರವನ್ನೂ ಹೆಚ್ಚಿನ ನೀರನ್ನು ಹೊರಹಾಕುತ್ತಾ ಮಿಡಿಯುವ ರಸದಾನಿಯನ್ನೂ ನೋಡುವುದು ಎಷ್ಟೋ ಮೇಲು.

ದೋಷಗಳು ಎರಡು. ಸ್ಲೈಡ್ ಇಡುವ ಸ್ಟೇಜಿನ ತಿರುಪು ಸಡಿಲವಾಗಿದ್ದು, ಕೈಬಿಟ್ಟೊಡನೆ ಸ್ಲೈಡ್ ಕೂದಲೆಳೆಯಷ್ಟು ಹಿಂದೆ ಸರಿಯುತ್ತದೆ. ಆ ಅಳತೆಯಲ್ಲಿ ಕೂದಲೆಳೆಯೆಂದರೆ ಒಂದು ಜೀವಿಯ ಉದ್ದಕ್ಕಿಂತ ಹೆಚ್ಚು. ಅಂಗಡಿಗೆ ಎರಡು ಬಾರಿ ಒಯ್ದೆ. ಮೊದಲ ಸಲ ಗ್ರೀಸ್ ಹಚ್ಚಿ ಕಳುಹಿಸಿದರು, ಎರಡನೆಯ ಸಲ ತಿರುಪು ಬಿಗಿ ಮಾಡಿದರು, ಹಣ ಕೇಳಲಿಲ್ಲ. ಆದರೂ ದೋಷ ಪೂರ್ತಿ ಹೋಗಿಲ್ಲ. ಎರಡನೆಯದು ಹೆಚ್ಚು ಗಂಭೀರ: ಐಪೀಸಿನಲ್ಲಿ ಅಳತೆಯ ಗೀಟುಗಳೇ ಇಲ್ಲ. ಗೀಟುಗಳಿರುವ ಐಪೀಸನ್ನು ಪ್ರತ್ಯೇಕವಾಗಿ ಕೊಂಡು, 1 ಮಿಲಿಮೀಟರನ್ನು 100 ಭಾಗ ಮಾಡಿದ ಸ್ಲೈಡಿನೊಂದಿಗೆ ತಾಳೆ ನೋಡಿಕೊಂಡ ಮೇಲಷ್ಟೇ ನನ್ನ ಟಿಪ್ಪಣಿಗಳಿಗೆ ಬೆಲೆ ಬಂದದ್ದು.

ಅಳತೆ ಸಿಕ್ಕಿದ ಮಾತ್ರಕ್ಕೆ ಹೆಸರು ಸಿಗುವುದಿಲ್ಲ ಎಂಬುದನ್ನೂ ಕೊಳ್ಳುವವರು ತಿಳಿದಿರಬೇಕು. ಹೊಟ್ಟೆತುಂಬ ಬ್ಯಾಕ್ಟೀರಿಯಾ ತಿಂದ ಕಾಲ್ಪೊಡಾ ಉಪವಾಸವಿದ್ದದ್ದಕ್ಕಿಂತ ದೊಡ್ಡದಾಗಿರುತ್ತದೆ, ಹಾಗಾಗಿ ಗಾತ್ರವೊಂದನ್ನೇ ನಂಬಿ, ಅದರ ಪ್ರಭೇದಗಳಾದ ಸ್ಟೈನಿಯೈ ಎಂದೋ ಕುಕ್ಯುಲಸ್ ಎಂದೋ ಬರೆದುಬಿಡುವುದು ದುಡುಕು. ಪ್ರಭೇದವನ್ನು ನಿರ್ಧರಿಸಲು ಬಾಯಿಯ ಸುತ್ತಲಿನ ಲೋಮಾಂಗ ಸಾಲುಗಳ ಜೋಡಣೆಯನ್ನು ನೋಡಬೇಕು, ಸಾಲುಗಳನ್ನು ಎಣಿಸಬೇಕು. ಅವು ಸ್ಪಷ್ಟವಾಗುವುದು ಪ್ರೊಟಾರ್ಗಾಲ್‌ನಂತಹ ಬೆಳ್ಳಿಯ ಬಣ್ಣಗಾರಿಕೆಯಿಂದ. ನಮೀಬಿಯಾದ ಮಣ್ಣಿನ ಬಗ್ಗೆ ಫಾಯ್ಸ್‌ನರ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೂ ಹೆಚ್ಚು ಹೊಸ ಪ್ರಭೇದಗಳಿದ್ದವು. ಯಲಹಂಕದ ನನ್ನ ತಟ್ಟೆಯಲ್ಲಿ ಎರಡನೆಯ ವಾರ ಬಂದ ಉದ್ದನೆಯ, ಚಪ್ಪಟೆ ಜೀವಿಯೊಂದು ಹೊಟ್ಟೆಯ ಕಡೆಯ ಲೋಮಾಂಗ ಗೊಂಚಲುಗಳನ್ನೇ ಕಾಲುಗಳಂತೆ ಊರಿ ನಡೆಯುತ್ತಿತ್ತು. ಹೈಪೊಟ್ರಿಕ್ ಗುಂಪಿನದು ಎಂಬಲ್ಲಿಗೆ ನನ್ನ ಗುರುತಿಸುವಿಕೆ ನಿಂತಿತು.

ಕೊಳ್ಳಲು ಹೋಗುವವರು 100ರ ಆಬ್ಜೆಕ್ಟಿವ್ ಬಿಟ್ಟು, ಆ ಹಣಕ್ಕೆ ಅಳತೆಯ ಐಪೀಸ್ ಕೊಡುವಂತೆ ಕೇಳಲಿ. ಸ್ಟೇಜನ್ನು ಅಂಗಡಿಯಲ್ಲೇ ನಿಂತು ಹತ್ತು ಬಾರಿ ಅತ್ತಿತ್ತ ತಿರುಗಿಸಿ ನೋಡಿದ ಮೇಲೆ ಬಿಲ್ ಹಾಕಿಸಲಿ.