ಹಳೇ ಮಿಯಾಟಾ: ಕ್ಲಚ್ ಹೋಗಿದೆ ಅಂದರೆ ಮೊದಲು ಕೆಳಗೆ ಬಗ್ಗಿ ನೋಡಿ

ಕಾರು ಮಜ್ದಾ ಮಿಯಾಟಾ, ಎರಡೇ ಸೀಟಿನ ಪುಟ್ಟ ಓಪನ್ ಸ್ಪೋರ್ಟ್ಸ್ ಕಾರು, 1999ರ ಮಾಡೆಲ್. 1.8 ಲೀಟರ್ ಇಂಜಿನ್, 140 ಹಾರ್ಸ್‌ಪವರ್, ಐದು ಗೇರ್. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡು ಹಲವು ವರ್ಷ ಆಯಿತು. ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ವಾರವಿಡೀ 880 ಫ್ರೀವೇಯ ಟ್ರಾಫಿಕ್, ಭಾನುವಾರ ಬೆಳಿಗ್ಗೆ ಸಾರಾಟೋಗಾದಿಂದ ಹೈವೇ 9 ಹತ್ತಿ ಬೆಟ್ಟದ ಮೇಲಿನ ಸ್ಕೈಲೈನ್ ರಸ್ತೆ ತನಕ. ಓಡಿಸೋಕೆ ಎಷ್ಟು ಮಜಾ ಅಂತ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನು ಕ್ಲಚ್ ಬಗ್ಗೆ ಮಾತ್ರ ಬರೆಯುತ್ತೇನೆ. ಯಾಕಂದ್ರೆ ಅಗ್ಗಕ್ಕೆ ಮಾರಾಟಕ್ಕಿರೋ ಹಳೇ ಮಿಯಾಟಾಗಳಲ್ಲಿ "ಕ್ಲಚ್ ಹೋಗಿದೆ, ಉಳಿದದ್ದೆಲ್ಲ ಚೆನ್ನಾಗಿದೆ" ಅನ್ನೋ ಸಾಲು ಮಾಮೂಲಿ, ಮತ್ತು ಎಷ್ಟೋ ಸಲ ಹೋಗಿರುವುದು ಕ್ಲಚ್ ಅಲ್ಲವೇ ಅಲ್ಲ.

ಮೊದಲು ಒಂದು ವಿಷಯ ತೀರ್ಮಾನ ಆಗಬೇಕು. ಕ್ಲಚ್ ಹಿಡಿಯುತ್ತಿಲ್ಲವೋ, ಬಿಡುತ್ತಿಲ್ಲವೋ? ಎರಡೂ ಬೇರೆ ಬೇರೆ ಕಾಯಿಲೆ. ಹಿಡಿಯದಿದ್ದರೆ, ಅಂದರೆ ಇಂಜಿನ್ ಜೋರಾಗಿ ತಿರುಗಿದರೂ ಆ ಶಕ್ತಿ ಚಕ್ರಕ್ಕೆ ಪೂರ್ತಿ ಹೋಗದಿದ್ದರೆ, ಕ್ಲಚ್ ಪ್ಲೇಟ್ ಸವೆದಿದೆ, ಇಲ್ಲ ಪ್ಲೇಟಿಗೆ ಆಯಿಲ್ ತಾಗಿದೆ, ಗೇರ್ ಬಾಕ್ಸ್ ಇಳಿಸದೆ ಗತಿಯಿಲ್ಲ. ಬಿಡದಿದ್ದರೆ, ಅಂದರೆ ಪೆಡಲ್ ಪೂರ್ತಿ ಒತ್ತಿದರೂ ಗೇರ್ ಬೀಳಲ್ಲ ಅಂತಾದರೆ, ಮೊದಲ ಅನುಮಾನ ಹೈಡ್ರಾಲಿಕ್ ಮೇಲೆ, ಅಂದರೆ ಪೆಡಲ್ ಒತ್ತಿದ ಬಲವನ್ನು ಫ್ಲೂಯಿಡ್ ಮೂಲಕ ಕ್ಲಚ್ಚಿಗೆ ಮುಟ್ಟಿಸೋ ವ್ಯವಸ್ಥೆ ಮೇಲೆ ಬರಬೇಕು. ಈ ಕಾರಲ್ಲಂತೂ ಗೇರ್ ಬಾಕ್ಸ್ ಪಕ್ಕದಲ್ಲಿ ಕೂತು, ಆ ಫ್ಲೂಯಿಡ್ ಒತ್ತಡದಿಂದ ಕ್ಲಚ್ ಬಿಡಿಸೋ ಸ್ಲೇವ್ ಸಿಲಿಂಡರ್ ಮೇಲೆ.

ನನ್ನದು ಎರಡನೇ ಥರ. ಕ್ಲಚ್ ಕಚ್ಚುವ ಜಾಗ ದಿನದಿಂದ ದಿನಕ್ಕೆ ಕೆಳಕ್ಕೆ ಇಳಿಯುತ್ತಾ ಬಂತು. ಆಮೇಲೆ ರಿವರ್ಸ್ ಹಾಕುವಾಗ ಕರ್ರ್ ಅನ್ನೋಕೆ ಶುರು. ಕೊನೆಗೊಂದು ಸಂಜೆ ಸಿಗ್ನಲ್‌ನಲ್ಲಿ ಫಸ್ಟ್ ಗೇರೇ ಬೀಳಲಿಲ್ಲ. ಹತ್ತಿರದ ಒಂದು ವರ್ಕ್‌ಶಾಪ್‌ಗೆ ತೋರಿಸಿದೆ. ಅವರು ಕಾರನ್ನು ಮೇಲೆ ಎತ್ತಲೂ ಇಲ್ಲ, ಪೆಡಲ್ ಒಂದು ಸಲ ಒತ್ತಿ ನೋಡಿ ಪೂರ್ತಿ ಕ್ಲಚ್ ಸೆಟ್ ಹಾಕಬೇಕು ಅಂದರು. ಲೇಬರ್ ಸೇರಿ ಸಾವಿರ ಡಾಲರ್‌ಗೂ ಮೇಲೆ. ಕಾರಿನ ಬೆಲೆಯೇ ಎಷ್ಟಿದೆ ಅಂತ ಇಷ್ಟು? ಟೋ ಮಾಡಿಸಿ ಮನೆಗೆ ತಂದೆ.

ಮನೆಯಲ್ಲಿ ನೋಡಿದ್ದು ಇಷ್ಟು. ಇಂಜಿನ್ ಆಫ್ ಇದ್ದಾಗ ಐದೂ ಗೇರ್, ರಿವರ್ಸ್ ಸಮೇತ ಬೆಣ್ಣೆಯಂತೆ ಬಿದ್ದವು. ಸ್ಟಾರ್ಟ್ ಮಾಡಿದರೆ ಒಂದೂ ಇಲ್ಲ. ಹಾಗಾದರೆ ಗೇರ್ ಬಾಕ್ಸ್ ಸರಿ ಇದೆ, ಕ್ಲಚ್ ಬಿಡುತ್ತಿಲ್ಲ. ಪೆಡಲ್ ಪಟಪಟ ಅಂತ ನಾಲ್ಕೈದು ಸಲ ತುಳಿದರೆ ಗೇರ್ ಬೀಳುತ್ತಿತ್ತು, ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಕಥೆ. ತುಳಿದಾಗ ಸರಿಹೋಗುತ್ತೆ ಅಂದರೆ ಲೈನ್‌ನಲ್ಲಿ ಗಾಳಿ ಸೇರಿದೆ ಅಥವಾ ಎಲ್ಲೋ ಸೋರುತ್ತಿದೆ. ಬಾನೆಟ್ ತೆಗೆದು ಕ್ಲಚ್ಚಿನ ಪುಟ್ಟ ಡಬ್ಬಿ ನೋಡಿದೆ. ಫ್ಲೂಯಿಡ್ ಅರ್ಧಕ್ಕಿಂತ ಕೆಳಗಿತ್ತು, ಬಣ್ಣ ಕಾಫಿ ಡಿಕಾಕ್ಷನ್. ಸ್ಟ್ಯಾಂಡ್ ಕೊಟ್ಟು ಕಾರಿನ ಕೆಳಗೆ ಹೋಗಿ (ಬರೀ ಜ್ಯಾಕ್ ಮೇಲೆ ನಿಲ್ಲಿಸಿ ಯಾರೂ ಕೆಳಗೆ ನುಗ್ಗಬೇಡಿ) ಸ್ಲೇವ್ ಸಿಲಿಂಡರ್‌ನ ತುದಿಗೆ ಧೂಳು ಹೋಗದಂತೆ ಹಾಕಿರೋ ರಬ್ಬರ್ ಕವಚದ, ಅಂದರೆ ಬೂಟ್‌ನ ಅಂಚನ್ನು ಉಗುರಿನಿಂದ ಸುಮ್ನೆ ಸ್ವಲ್ಪ ಸರಿಸಿದೆ. ಒಳಗೆ ನಿಂತಿದ್ದ ಕಪ್ಪು ನೀರು ಮಣಿಕಟ್ಟಿನ ತನಕ ಇಳಿಯಿತು. ಆ ಬೂಟ್ ಒಳಗೆ ಒಣಗಿರಬೇಕು. ಒದ್ದೆ ಇದ್ದರೆ ಸೀಲ್ ಮುಗಿದಿದೆ, ಬೇರೆ ಪರೀಕ್ಷೆ ಬೇಡ.

ಸೀಲ್ ಯಾಕೆ ಹೋಗುತ್ತದೆ ಅನ್ನೋದರಲ್ಲಿ ರಹಸ್ಯವೇನಿಲ್ಲ. ಬ್ರೇಕಿಗೆ ಹಾಕೋ ಡಾಟ್ 3 ಫ್ಲೂಯಿಡ್ಡೇ ಇದಕ್ಕೂ. ಅದು ಗಾಳಿಯಿಂದ ತೇವ ಎಳೆದುಕೊಳ್ಳುತ್ತದೆ, ಸಿಲಿಂಡರ್ ಒಳಮೈಗೆ ತುಕ್ಕು ಹಿಡಿದು ಸಣ್ಣ ಗುಂಡಿ ಬೀಳುತ್ತವೆ, ರಬ್ಬರ್ ಕಪ್ ಅದರ ಮೇಲೆ ಉಜ್ಜಿ ಉಜ್ಜಿ ಹರಿಯುತ್ತದೆ. ಮಿಯಾಟಾದಲ್ಲಿ ಕ್ಲಚ್ಚಿಗೆ ಬೇರೆಯೇ ಡಬ್ಬಿ. ಬ್ರೇಕ್ ಫ್ಲೂಯಿಡ್ ಬದಲಾಯಿಸುವವರು ಇದನ್ನು ಮುಟ್ಟುವುದೇ ಇಲ್ಲ. ನನಗೆ ಕಾರು ಮಾರಿದವರು ಕೊಟ್ಟ ಬಿಲ್ಲುಗಳ ಕಟ್ಟಿನಲ್ಲಿ ಬ್ರೇಕ್ ಕೆಲಸ ಎಷ್ಟೋ ಇದೆ, ಕ್ಲಚ್ ಫ್ಲೂಯಿಡ್ ಅನ್ನೋ ಸಾಲು ಒಂದೂ ಇಲ್ಲ. ಹಾಗೆ ಬಿಟ್ಟರೆ ಯಾವ ಕಂಪನಿಯ ರಬ್ಬರ್ ಆದರೂ ಹೋಗುತ್ತದೆ ಅಲ್ವಾ?

ಹೊಸ ಸ್ಲೇವ್ ಮೂವತ್ತು ಡಾಲರ್ ಆಸುಪಾಸು. ಎರಡು ಬೋಲ್ಟ್, ಒಂದು ಪೈಪ್. ಬಿಚ್ಚಿ ಹಾಕೋದು ಸುಲಭ, ಗಾಳಿ ತೆಗೆಯೋದೇ ತಲೆನೋವು. ಕೆಳಗೆ ಮಲಗಿ ನಾನು "ಒತ್ತು, ಹಿಡ್ಕೋ, ಈಗ ಬಿಡು" ಅನ್ನೋದು, ಮೇಲಿಂದ ಹೆಂಡತಿ "ರೀ, ಇನ್ನೆಷ್ಟು ಹೊತ್ತು? ಕಾಲು ಜೋಮು ಹಿಡಿದಿದೆ" ಅನ್ನೋದು. ಪೆಡಲ್ ಒತ್ತಿ ಹಿಡಿದಿರುವಾಗಲೇ ನಿಪ್ಪಲ್ (ಸ್ಲೇವ್ ಮೇಲಿರೋ, ಗಾಳಿ ಹೊರಬಿಡೋ ಪುಟ್ಟ ಸ್ಕ್ರೂ) ಬಿಗಿ ಮಾಡಬೇಕು, ಆಮೇಲೇ ಪೆಡಲ್ ಬಿಡಬೇಕು. ಇಲ್ಲದಿದ್ದರೆ ಹೋದ ಗಾಳಿ ವಾಪಸ್. ಡಬ್ಬಿ ತುಂಬ ಚಿಕ್ಕದು, ನಡುನಡುವೆ ತುಂಬಿಸುತ್ತಿರಿ. ಫ್ಲೂಯಿಡ್ ಪೇಂಟ್ ತಿನ್ನುತ್ತದೆ, ಚೆಲ್ಲಿದರೆ ತಕ್ಷಣ ನೀರು ಹಾಕಿ.

ಆ ಪ್ಲೇಟ್ ಇವತ್ತಿಗೂ ಅದೇ. ಆದರೆ ಸ್ಲೇವ್ ಹಾಕಿದ ಕೆಲವು ತಿಂಗಳಿಗೆ ಮಾಸ್ಟರ್ ಸಿಲಿಂಡರ್, ಅಂದರೆ ಪೆಡಲ್ ಕಡೆಯಿಂದ ಫ್ಲೂಯಿಡ್ ತಳ್ಳೋ ಸಿಲಿಂಡರ್ ಕೂಡ ಕೈಕೊಟ್ಟಿತು. ಇದರ ಲಕ್ಷಣ ಬೇರೆ. ಸಿಗ್ನಲ್‌ನಲ್ಲಿ ಫಸ್ಟ್ ಗೇರ್‌ನಲ್ಲಿ ಪೆಡಲ್ ಒತ್ತಿ ನಿಂತಿದ್ದರೆ ಕಾರು ತಾನಾಗಿ ಮುಂದೆ ತೆವಳುತ್ತಿತ್ತು. ಟಾರ್ಚ್ ಹಿಡಿದು ಪೆಡಲ್ ಕಡ್ಡಿ ಬಾಡಿಯೊಳಗೆ ಹೋಗೋ ಜಾಗ ನೋಡಿದರೆ ಅಲ್ಲಿ ಜಿಡ್ಡು, ಕೆಳಗಿನ ಕಾರ್ಪೆಟ್ ಒದ್ದೆ. ಎರಡಕ್ಕೂ ಒಂದೇ ವಯಸ್ಸು, ಒಂದೇ ಕೊಳಕು ಫ್ಲೂಯಿಡ್. ನೀವು ಮಾಡಿಸೋದಾದರೆ ಎರಡನ್ನೂ, ಜೊತೆಗೆ ರಬ್ಬರ್ ಹೋಸನ್ನೂ ಒಟ್ಟಿಗೆ ಬದಲಾಯಿಸಿ.

ಪ್ಲೇಟ್ ನಿಜವಾಗಿ ಸವೆದಿದೆಯಾ ಅಂತ ನೋಡೋಕೆ ಏರು ರಸ್ತೆ ಬೇಕು. ಇಂಜಿನ್ ಬಿಸಿಯಾದ ಮೇಲೆ ನಾಲ್ಕು ಅಥವಾ ಐದನೇ ಗೇರ್‌ನಲ್ಲಿ ನಲವತ್ತು ಮೈಲಿ ವೇಗದಲ್ಲಿ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ತುಳಿಯಿರಿ. ಆರ್‌ಪಿಎಂ ಮುಳ್ಳು ಮೇಲೆ ಹಾರಿ ಸ್ಪೀಡ್ ಅಲ್ಲೇ ಇದ್ದರೆ ಪ್ಲೇಟ್ ಜಾರುತ್ತಿದೆ. ಸುಟ್ಟ ವಾಸನೆ ಬಂದರೆ ಕೇಳೋದೇ ಬೇಡ. ಆಗ ಖರ್ಚು ದೊಡ್ಡದು, ಯಾಕಂದ್ರೆ ಈ ಕಾರಲ್ಲಿ ಗೇರ್ ಬಾಕ್ಸ್‌ನಿಂದ ಹಿಂದಿನ ಡಿಫರೆನ್ಷಿಯಲ್ ತನಕ ಒಂದು ಉದ್ದನೆಯ ಅಲ್ಯುಮಿನಿಯಂ ಫ್ರೇಮ್ ಇದೆ, ಅದನ್ನೂ ಬಿಚ್ಚಬೇಕು. ಅಷ್ಟು ಇಳಿಸಿದ ಮೇಲೆ ಇಂಜಿನ್ ಹಿಂದಿನ ಆಯಿಲ್ ಸೀಲ್ ಹಾಕಿಸದೆ ಮುಚ್ಚಬೇಡಿ. ಪ್ಲೇಟ್ ಆರ್ಡರ್ ಮಾಡುವಾಗ ಇಂಜಿನ್ ಯಾವುದು ನೋಡಿ, ಹಳೇ 1.6ಕ್ಕೆ 200 ಎಂಎಂ, 1.8ಕ್ಕೆ 215.

ಶಬ್ದವನ್ನೂ ಕೇಳಿಸಿಕೊಳ್ಳಿ. ನ್ಯೂಟ್ರಲ್‌ನಲ್ಲಿ ಪೆಡಲ್ ಒತ್ತಿದಾಗ ಗುರ್ ಅಂದರೆ ರಿಲೀಸ್ ಬೇರಿಂಗ್ (ಪೆಡಲ್ ಒತ್ತಿದಾಗ ಕ್ಲಚ್ಚನ್ನು ತಳ್ಳಿ ಬಿಡಿಸೋ ಬೇರಿಂಗ್) ಇರಬಹುದು. ಬಿಟ್ಟಾಗ ಶಬ್ದ ಬಂದು ಒತ್ತಿದಾಗ ನಿಂತರೆ ಗೇರ್ ಬಾಕ್ಸ್ ಬೇರಿಂಗ್ ಕಡೆ ನೋಡಿ, ಅಂಥ ಕಾರು ನಾನಾದರೆ ಕೊಳ್ಳಲ್ಲ.

ಮಾರೋರು "ಕ್ಲಚ್ ಹೋಗಿದೆ" ಅಂದರೆ ಓಡಿಹೋಗಬೇಡಿ. ಆ ಬೂಟ್ ಒದ್ದೆ ಇದ್ದರೆ ಏನೂ ಗೊತ್ತಿಲ್ಲದವರ ಹಾಗೆ ಚೌಕಾಸಿ ಮಾಡಿ. ಕಾರಿಗೆ ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಕ್ಲಚ್ಚಿಗಲ್ಲ. ನಾನು ಆರಡಿ ಇದ್ದೇನೆ, ಮೊಣಕಾಲು ಸ್ಟೀರಿಂಗ್‌ಗೆ ತಾಗುತ್ತದೆ.