ಹಳೆಯ ಮಿಯಾಟಾನಾ, ಹಳೆಯ ಸಿಯೆನ್ನಾನಾ?

ಅಮೆರಿಕದಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಹುಡುಕುತ್ತಾ, ಮೊದಲ ತಲೆಮಾರಿನ ಮಜ್ದಾ ಮಿಯಾಟಾನೋ 2004-2010ರ ಟೊಯೋಟಾ ಸಿಯೆನ್ನಾನೋ ಅಂತ ತೂಗುತ್ತಿದ್ದೀರಾ? ಮಿಯಾಟಾ ಇಬ್ಬರೇ ಕೂರುವ, ಟಾಪ್ ಮಡಚಿ ತೆರೆಯಬಹುದಾದ ಪುಟ್ಟ ಸ್ಪೋರ್ಟ್ಸ್ ಕಾರು; ಸಿಯೆನ್ನಾ ದೊಡ್ಡ ಫ್ಯಾಮಿಲಿ ವ್ಯಾನ್. ಎರಡೂ ಒಳ್ಳೆಯ ಗಾಡಿಗಳೇ.

ಮಿಯಾಟಾ ಜನರ ಮುಂದೆ ಬಂದದ್ದು 1989ರ ಶಿಕಾಗೋ ಆಟೋ ಶೋನಲ್ಲಿ. 1.6 ಲೀಟರ್ ಎಂಜಿನ್, 116 ಅಶ್ವಶಕ್ತಿ. ಕಡಿಮೆ ಆಯ್ತು ಅನ್ನಿಸುತ್ತೆ ಅಲ್ವಾ? ಆದರೆ ಗಾಡಿಯ ತೂಕ ಒಂದು ಟನ್ನಿನ ಆಸುಪಾಸು, ಎಂಜಿನ್ ತಿರುಗಿಸುವುದು ಹಿಂದಿನ ಚಕ್ರಗಳನ್ನು. ಗೇರ್ ಲಿವರ್ ಗಿಡ್ಡ. ಮಣಿಕಟ್ಟು ಆಡಿಸಿದರೆ ಸಾಕು, ಗೇರ್ ಬೀಳುತ್ತದೆ. ವೇಗವಾಗಿ ಹೋಗದಿದ್ದರೂ ತಿರುವುಗಳಲ್ಲಿ ಖುಷಿ ಕೊಡುವ ಕಾರು ಇದು. ಕೊಳ್ಳುವ ಮುಂಚೆ ಹಿಂದಿನ ಚಕ್ರದ ಮುಂದೆ, ಬಾಗಿಲ ಕೆಳಗಿನ ತಗಡನ್ನು ಬೆರಳಿಂದ ಒತ್ತಿ ನೋಡಿ. ಟಾಪ್ ಮೇಲೆ ಬಿದ್ದ ಮಳೆನೀರು ಅಲ್ಲಿಗೇ ಇಳಿಯುತ್ತದೆ. ನೀರು ಹೊರಹೋಗುವ ತೂತಿಗೆ ಕಸ ಕಟ್ಟಿದರೆ ಒಳಗಿಂದಲೇ ತುಕ್ಕು. ಹೊರಗಿನ ಬಣ್ಣ ನಂಬಬೇಡಿ.

ಸಿಯೆನ್ನಾದಲ್ಲಿ ಆ ಮಜಾ ಇಲ್ಲ. ಆದರೆ ಏಳೆಂಟು ಜನ ಕೂರಬಹುದು, ಕೊನೆಯ ಸೀಟು ನೆಲದೊಳಗೆ ಮಡಚಿಕೊಳ್ಳುತ್ತದೆ. ಊರಿಂದ ಅಪ್ಪ ಅಮ್ಮ ಸೂಟ್‌ಕೇಸ್ ತುಂಬಿಕೊಂಡು ಬಂದಾಗ ಇದರ ಬೆಲೆ ಗೊತ್ತಾಗುತ್ತದೆ. 2007ರಿಂದ ಬಂದ 3.5 ಲೀಟರ್ ಎಂಜಿನ್‌ಗೆ ಟೈಮಿಂಗ್ ಚೈನ್ (ಎಂಜಿನ್ನಿನ ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ನೋಡಿಕೊಳ್ಳುವ ಸರಪಳಿ) ಇದೆ. ಅದಕ್ಕೂ ಹಿಂದಿನದಕ್ಕೆ ಬೆಲ್ಟ್, ಅದನ್ನು ಕಾಲಕಾಲಕ್ಕೆ ಬದಲಾಯಿಸಬೇಕು. ಬದಲಾಯಿಸಿದ ಬಿಲ್ ಕೇಳಿ. ತಾನಾಗಿ ಸರಿಯುವ ಬಾಗಿಲಿದ್ದರೆ ನಾಲ್ಕೈದು ಸಲ ತೆರೆದು ಮುಚ್ಚಿ ನೋಡಿ. ಅದರ ಕೇಬಲ್ ಸವೆಯುವುದು ಮಾಮೂಲಿ.

ಮಕ್ಕಳಿರುವ ಮನೆಗೆ ಇದೊಂದೇ ಕಾರಾದರೆ ಸಿಯೆನ್ನಾನೇ ತಗೊಳ್ಳಿ. ಬೇರೆ ಕಾರಿದ್ದರೆ ನನ್ನ ಓಟು ಮಿಯಾಟಾಗೆ, ಅದರಲ್ಲೂ 1994ರ ಮಾಡೆಲ್‌ನಿಂದ ಈಚಿನದಕ್ಕೆ: 1.8 ಎಂಜಿನ್, ಪಕ್ಕದ ಸೀಟಿಗೂ ಏರ್‌ಬ್ಯಾಗ್.